ಏಳನೆಯ ಪಿನ್ನು

ವಾರಿಜಕ್ಕ ಬಂದದ್ದು ಮಧ್ಯಾಹ್ನ ಎರಡಕ್ಕೆ,
ನಾನು ಊಟದ ಡಬ್ಬಿ ಬಿಚ್ಚುವ ಹೊತ್ತು.
ಸಂತೆಕಟ್ಟೆಯ ಧೂಳಿನಲ್ಲಿ ಮುಂದೆ ಶೀನ ತಿಂಗಳಾಯನ ಪಿಕಪ್ಪು,
ಹಿಂದೆ ಅವಳ ನೀಲಿ ಟ್ರೇಲರು.
ಬಂಗುಡೆ ಫ್ರೈ, ಕಾಣೆ ರವಾ, ನೀರುದೋಸೆ
ಅಂತ ಬದಿಯಲ್ಲಿ ಬರೆಸಿದ್ದು,
'ದೋ'ದ ಬಣ್ಣ ಎದ್ದು ಹೋಗಿತ್ತು.

"ರಾತ್ರಿ ಎಂಟೂವರೆಗೆ ಲೈಟು ಸಾಯ್ತದೆ ಮಾರಾಯ್ರೆ.
ಪಡುಕೆರೆಯ ಕತ್ತಲಲ್ಲಿ ಮುಳ್ಳು ಯಾವುದು, ಮೀನು ಯಾವುದು,
ಗಿರಾಕಿಗಳು ಮೊಬೈಲು ಹಿಡಿದು ತಿನ್ನುವುದು.
ಬ್ಯಾಟರಿ ಹೊಸತು, ಗ್ಯಾರಂಟಿ ಕಾರ್ಡು ಉಂಟು.
ಇವರ ಗಾಡಿಯಿಂದ ಚಾರ್ಜು ಬರ್ತದೆ ಅಂತ ಹೇಳಿದ್ದರು."

'ಇವರ' ಅನ್ನುವಾಗ ಅವಳು ಅತ್ತ ನೋಡಲಿಲ್ಲ.
ಶೀನ ಸ್ಟೇರಿಂಗಿನ ಮೇಲೆ ಪೇಪರು ಹರಡಿ
ರಾಶಿಭವಿಷ್ಯ ಓದುತ್ತಿದ್ದ.
ಗಂಡನ ಅಣ್ಣ. ದೋಣಿ ಮಾರಿದ ಹಣದ ವಿಷಯಕ್ಕೆ
ಎರಡು ವರ್ಷದಿಂದ ಮಾತಿಲ್ಲ.
ಬಾಡಿಗೆ ಉಂಟು, ದಿನಕ್ಕೆ ಮುನ್ನೂರು;
ಡ್ಯಾಶ್‌ಬೋರ್ಡಿನ ಮೇಲೆ ಒಂದು ಕಲ್ಲು,
ಅದರಡಿಗೆ ಇಟ್ಟು ಹೋಗುತ್ತಾಳೆ.

ನಾನು ಬಗ್ಗಿದೆ.
ಉಪ್ಪುಗಾಳಿಗೆ ಹಿತ್ತಾಳೆ ಪಿನ್ನು ಹಸಿರು ಹಿಡಿದಿತ್ತು,
ಬೆಳಗದೆ ಬಿಟ್ಟ ದೇವರ ಸಾಮಾನಿನ ಹಾಗೆ.
ಮರಳುಕಾಗದ ಸುತ್ತಿ ತಿರುವಿದೆ. ಮೀಟರು ಹಿಡಿದೆ.
ಎಡಕ್ಕೊಂದು, ಬಲಕ್ಕೊಂದು, ಹಿಂದಿನ ದೀಪಕ್ಕೊಂದು,
ಬ್ರೇಕಿಗೊಂದು, ರಿವರ್ಸಿಗೊಂದು,
ನಿಲ್ಲುತ್ತೇನೆ, ಹೊರಳುತ್ತೇನೆ, ಜಾಗ್ರತೆ, ಇಷ್ಟೇ ಅವುಗಳ ಮಾತು.
ಆರನೆಯದು ಅರ್ತು,
ಎಲ್ಲರ ಪರವಾಗಿ ವಾಪಸು ಹೋಗುವುದು.
ಕೊಡಲಿಕ್ಕೆ ಅಂತಲೇ ಇರುವುದು ಏಳನೆಯದೊಂದು.
ಅದರಲ್ಲಿ ಸೊನ್ನೆ.

ಬಾನೆಟ್ಟು ಎತ್ತಿ ಫ್ಯೂಸಿನ ಪೆಟ್ಟಿಗೆ ತೆಗೆದರೆ
ಅದರ ಮನೆ ಖಾಲಿ.
ಸುಟ್ಟದ್ದಲ್ಲ. ಹಾಕಿಯೇ ಇರಲಿಲ್ಲ.
ತಂತಿ ಎಳೆದಿದ್ದಾರೆ ಕೊನೆತನಕ,
ಬೇಕಾದವರು ಹಾಕಿಕೊಳ್ಳಲಿ ಅಂತ ಬಿಟ್ಟಿದ್ದಾರೆ.
"ಶೀನಣ್ಣ, ಗಾಡಿ ಕೊಡುವಾಗ ಒಂದು ಪೊಟ್ಟಣ ಕೊಟ್ಟಿದ್ದರಾ?"

ಇನ್ಶೂರೆನ್ಸು, ಬಾಚಣಿಗೆ, ಖಾಲಿ ಸುಣ್ಣದ ಡಬ್ಬಿ,
ಎಲ್ಲದರ ಅಡಿಯಿಂದ ಬಂತು: ಪಿನ್ನು ಹೊಡೆದ ಪ್ಲಾಸ್ಟಿಕ್ಕು,
ಒಳಗೊಂದು ಹಸಿರು ಫ್ಯೂಸು, ಬೆಂಕಿಪೆಟ್ಟಿಗೆಯಷ್ಟು ರಿಲೇ.
"ಎಂತದು ಅಂತ ಗೊತ್ತಿರಲಿಲ್ಲ," ಅಂದ ನನಗೆ,
ಆದರೆ ಟ್ರೇಲರಿಗೆ ಕೇಳುವಷ್ಟು ಜೋರಾಗಿ.
"ಬಿಸಾಡಲಿಕ್ಕೂ ಮನಸ್ಸು ಬರಲಿಲ್ಲ."

ಹಾಕಿದೆ. ಟಿಕ್ ಅಂತು.
ಇಂಜಿನ್ನು ಓಡುವಾಗ ಕೊಡುತ್ತದೆ, ನಿಂತರೆ ಕೈ ಬಿಡುತ್ತದೆ,
ಇಲ್ಲದಿದ್ದರೆ ಬೆಳಿಗ್ಗೆ ಎರಡೂ ಮಲಗಿರುತ್ತವೆ.
ಅಲ್ಲಿ ಹದಿನಾಲ್ಕು ಕಾಲು ವೋಲ್ಟು,
ಇಲ್ಲಿ ಬರುವಾಗ ಹದಿಮೂರು.
ತಂತಿ ಸಪೂರ, ದಾರಿ ಉದ್ದ;
ಬೆಲ್ಲ ಹಂಚುವವನ ಕೈಗೆ ಅಂಟಿದ ಹಾಗೆ
ನಡುವೆ ಒಂದಿಷ್ಟು ಹೋಗಿಯೇ ಹೋಗುತ್ತದೆ.

"ಕಟಪಾಡಿಯಿಂದ ಪಡುಕೆರೆಗೆ ಇಪ್ಪತ್ತು ನಿಮಿಷ.
ಅಷ್ಟರಲ್ಲಿ ತುಂಬುವುದಿಲ್ಲ ಅಕ್ಕ.
ದಪ್ಪ ತಂತಿ, ನಡುವೆ ಬೇರೆ ಚಾರ್ಜರು, ಎಂಟು ಸಾವಿರ ಆಗ್ತದೆ."
ಅವಳು ಸಂಚಿ ಮುಟ್ಟಿ ಸುಮ್ಮನಾದಳು.
ಶೀನ ಪೇಪರು ಮಡಚಿದ.
"ಉಡುಪಿಗೆ ಬಂದು, ಮಲ್ಪೆ ಸುತ್ತಿ ಹೋದರೆ?"
ಕೇಳಿದ್ದು ನನ್ನನ್ನು.
"ಒಂದು ಗಂಟೆ ಓಡಿದರೆ ತಕ್ಕಮಟ್ಟಿಗೆ," ಅಂದೆ.
ಡೀಸೆಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ.

ಆದಿತ್ಯವಾರ ನಾನೂ ಪಡುಕೆರೆಗೆ ಹೋದೆ.
ಒಂಬತ್ತೂವರೆ. ಬಲ್ಬು ಉರಿಯುತ್ತಿತ್ತು, ಸ್ವಲ್ಪ ಮಂಕಾಗಿ.
ಶೀನ ಗಾಡಿಯೊಳಗೆ ತಟ್ಟೆ ಹಿಡಿದು ಕೂತಿದ್ದ.
ಇಬ್ಬರ ನಡುವೆ ಮಾತು ಇತ್ತೋ ಇಲ್ಲವೋ
ತೆರೆಯ ಸದ್ದಿಗೆ ನನಗೆ ಕೇಳಲಿಲ್ಲ.
ಕಲ್ಲು ಅಲ್ಲೇ ಇತ್ತು.

ಹೊರಡುವ ಮೊದಲು ಇಂಜಿನ್ನು ಸ್ವಲ್ಪ ಓಡಿಸಿಟ್ಟಿದ್ದ.
ಅಭ್ಯಾಸ ನೋಡಿ, ಬಗ್ಗಿ ಪ್ಲಗ್ಗು ಮುಟ್ಟಿದೆ.
ಬೆಚ್ಚಗಿತ್ತು.
ಬೆಚ್ಚಗಿರಬಾರದು. ಎಲ್ಲೋ ಒಂದು ಕಡೆ ಸಡಿಲ ಉಂಟು ಅಂತ ಅರ್ಥ.
ಬುಧವಾರ ಬರಲಿಕ್ಕೆ ಹೇಳಿದ್ದೇನೆ,
ಇಬ್ಬರಿಗೂ, ಬೇರೆ ಬೇರೆ.